ಮೊದಲು ಕಸುಬು, ಆಮೇಲೆ ಕಂತು



2025ರ ಫೆಬ್ರುವರಿಯಲ್ಲಿ ಬೆಳಗಾವಿ ಮತ್ತೆ ಸುದ್ದಿಯಲ್ಲಿತ್ತು. ಬಸ್ ಕಂಡಕ್ಟರ್ ಮೇಲೆ ಹಲ್ಲೆ, ಭಾಷೆ, ಗಡಿ, ಆ ಕಡೆಯ ಬಸ್ ನಿಂತಿತು, ಈ ಕಡೆಯ ಬಸ್ ನಿಂತಿತು. ಬೆಂಗಳೂರಿನ ಸ್ಟುಡಿಯೋಗಳಿಗೆ ಬೆಳಗಾವಿ ನೆನಪಾಗೋದೇ ಹೀಗೆ. ಡಿಸೆಂಬರ್‌ನಲ್ಲಿ ಸುವರ್ಣಸೌಧದ ಅಧಿವೇಶನ, ಅದು ಮುಗಿದರೆ ಭಾಷೆಯ ಗಲಾಟೆ. ಬೆಳಗಾವಿ ಪಕ್ಕದ ಪೀರನವಾಡಿ ಅನ್ನೋ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿದ್ದು 2020ರ ಆಗಸ್ಟ್‌ನಲ್ಲಿ, ವೃತ್ತದಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ನಿಂತಾಗ. ಅವತ್ತು ಎಲ್ಲ ಚಾನೆಲ್‌ಗಳ ವ್ಯಾನುಗಳು ಅಲ್ಲಿದ್ದವು. ವಿವಾದ ಬಗೆಹರಿಯಿತು, ವ್ಯಾನುಗಳು ವಾಪಸ್ ಬಂದವು. ಊರು ಅಲ್ಲೇ ಇದೆ.

ಇವತ್ತು ಆ ಊರಿನ ವೃತ್ತದಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ. ಪ್ರತಿಮೆಗಾಗಿ ಅಲ್ಲ, ಸಾಲದ ವಿಚಾರಕ್ಕೆ.

ಬೆಳಗಾವಿಯಿಂದ ಉದ್ಯಮಬಾಗ ದಾಟಿದರೆ ಪೀರನವಾಡಿ. ಒಂದು ರಸ್ತೆ ನೇರ ಖಾನಾಪುರಕ್ಕೆ, ಇನ್ನೊಂದು ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ. ಸ್ವಲ್ಪ ಮುಂದೆ ಹೋದರೆ ಮಚ್ಛೆ. ಅಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ನಮ್ಮಂಥ ಎಂಜಿನಿಯರಿಂಗ್ ಓದಿದವರ ಮಾರ್ಕ್ಸ್ ಕಾರ್ಡ್ ಮೇಲೆ ಇರೋ ‘ಜ್ಞಾನಸಂಗಮ’. ಒಂದು ಕಡೆ ಫೌಂಡ್ರಿಗಳು, ಮಷೀನ್ ಶಾಪ್‌ಗಳು, ಇನ್ನೊಂದು ಕಡೆ ಖಾನಾಪುರದ ಕಾಡಿನಂಚಿನ ಹಳ್ಳಿಗಳು. ಮಧ್ಯದಲ್ಲಿ ಈ ಊರು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಓಣಿಯಲ್ಲಿ ಓಡಾಡುತ್ತವೆ. ಪಟ್ಟಣ ಪಂಚಾಯಿತಿ ಆಗಿದೆ ಅನ್ನೋದನ್ನು ಗಮನಿಸಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಸುಗ್ರೀವಾಜ್ಞೆ ಬಂದಿದ್ದು 2025ರಲ್ಲಿ. ಫೆಬ್ರುವರಿ 7ರಂದು ರಾಜ್ಯಪಾಲರು ವಾಪಸ್ ಕಳಿಸಿದರು, 12ರಂದು ಸಹಿ ಹಾಕಿದರು. ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ, ಬಲವಂತದ ಕ್ರಮಗಳ ತಡೆ. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಮನೆ ಮುಂದೆ ಗಲಾಟೆ ಮಾಡೋದು, ಹಿಂಬಾಲಿಸೋದು, ಹೊರಗಿನವರನ್ನು ಕರ್ಕೊಂಡು ಬಂದು ಹೆದರಿಸೋದು, ಸರ್ಕಾರಿ ಸವಲತ್ತಿನ ದಾಖಲೆಗಳನ್ನು ಕಿತ್ತುಕೊಳ್ಳೋದು, ಎಲ್ಲವೂ ಅಪರಾಧ. ಒಳ್ಳೆಯದೇ. ಆ ವರ್ಷದ ಜನವರಿ ತಿಂಗಳಿಡೀ ನಾವು ತೋರಿಸಿದ್ದೇನು? ಚಾಮರಾಜನಗರದಲ್ಲಿ ಊರು ಬಿಟ್ಟು ಹೋದ ಕುಟುಂಬಗಳು. ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸೋಕೆ ಹೊರಟ ಹಾವೇರಿಯ ಹೆಣ್ಣುಮಕ್ಕಳು. ಇದೇ ಬೆಳಗಾವಿ ಜಿಲ್ಲೆಯಲ್ಲಿ ಮನೆಗೆ ಬೀಗ ಬಿದ್ದು, ಎಳೆಗೂಸಿನ ಜೊತೆ ಹೊರಗೆ ಕೂತ ಬಾಣಂತಿ. ಅಂಥದ್ದನ್ನು ತಡೆಯೋಕೆ ಕಾನೂನು ಬೇಕಿತ್ತು, ಬಂತು.

ಆದರೆ ಕಾನೂನು ಮನೆ ಬಾಗಿಲಿಗೆ ಬಂದ ರೌಡಿಯನ್ನು ನಿಲ್ಲಿಸಬಹುದು. ಆ ಮನೆಯ ಅಕ್ಕ ಸಾಲ ತಗೊಂಡ ದಿನವೇ ಸೋತಿದ್ದಳಲ್ಲ, ಅದನ್ನು ಯಾವ ಕಲಮಿನಲ್ಲಿ ಹಾಕ್ತೀರಿ? ನನ್ನ ಮಾತು ಇರೋದು ಆ ದಿನದ ಬಗ್ಗೆ. ವಸೂಲಿ ದಿನದ ಬಗ್ಗೆ ಅಲ್ಲ, ಸಾಲ ಕೊಟ್ಟ ದಿನದ ಬಗ್ಗೆ.

ಒಂದು ಲೆಕ್ಕ ಮಾಡೋಣ. ಎಂಜಿನಿಯರಿಂಗ್ ಓದಿ ಟಿವಿಗೆ ಬಂದವರಿಗೆ ಉಳಿದಿರೋ ಆಸ್ತಿ ಇದೊಂದೇ, ಕ್ಯಾಲ್ಕ್ಯುಲೇಟರ್.

ಪೀರನವಾಡಿಯಂಥ ಊರಲ್ಲಿ ಒಬ್ಬ ಅಕ್ಕ ಇದ್ದಾರೆ ಅಂದುಕೊಳ್ಳಿ. ಗಂಡ ಫೌಂಡ್ರಿಯಲ್ಲಿ ಗುತ್ತಿಗೆ ಕೂಲಿ. ಸಂಘ ಕಟ್ಟಿ 40,000 ರೂಪಾಯಿ ಸಾಲ ತಗೋತಾರೆ. ವರ್ಷಕ್ಕೆ ಶೇಕಡಾ 24 ಬಡ್ಡಿ, ಎರಡು ವರ್ಷ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ತಿಂಗಳಿಗೆ ಸುಮಾರು 2,115 ರೂಪಾಯಿ ಕಂತು. ಅದೇ 24ನ್ನು ‘ಫ್ಲ್ಯಾಟ್’ ಅಂತ ಹಾಕಿದರೆ, ಅಂದರೆ ಮರುಪಾವತಿ ಆದ ದುಡ್ಡಿಗೂ ಕೊನೆವರೆಗೆ ಬಡ್ಡಿ ಎಳೆದರೆ, 2,467 ರೂಪಾಯಿ. ಬಾಯಲ್ಲಿ ಹೇಳೋ ಸಂಖ್ಯೆ ಒಂದೇ, ಇಪ್ಪತ್ನಾಲ್ಕು. ಎರಡು ವರ್ಷಕ್ಕೆ ವ್ಯತ್ಯಾಸ 8,400 ರೂಪಾಯಿಗೂ ಹೆಚ್ಚು. ಇದನ್ನು ಸಹಿ ಹಾಕೋಕೆ ಮೊದಲು ಯಾರಾದ್ರೂ ಹೇಳಿಕೊಡ್ತಾರಾ? ‘ಟ್ರೇನಿಂಗ್’ ಅಂದ ತಕ್ಷಣ ನಮಗೆ ಹೊಲಿಗೆ ಮಷೀನು ಕಣ್ಣಿಗೆ ಬರುತ್ತೆ. ನನ್ನ ಪ್ರಕಾರ ಮೊದಲ ಟ್ರೇನಿಂಗ್ ಇದು, ಅರ್ಧ ಗಂಟೆ ಸಾಕು.

ಒಳ್ಳೆ ಸಂಸ್ಥೆಯೇ ಅಂದುಕೊಳ್ಳೋಣ, ಕಂತು 2,115. ಗೃಹಲಕ್ಷ್ಮಿಯಿಂದ 2,000 ಬರುತ್ತೆ. ನೋಡಿ, ಎರಡೂ ಸಂಖ್ಯೆ ಎಷ್ಟು ಹತ್ತಿರ ಇವೆ. ರಾಯಬಾಗ ತಾಲೂಕಿನ ಒಬ್ಬ ಅಜ್ಜಿ ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದನ್ನು ನಾವೇ ತೋರಿಸಿದ್ದೆವು, ನೀವೂ ಖುಷಿಪಟ್ಟಿರಿ. ಆ ಅಜ್ಜಿಗೆ ಕಂತು ಇರಲಿಲ್ಲ ಅಂತ ಕಾಣುತ್ತೆ. ನಮ್ಮ ಅಕ್ಕನಿಗೆ ಇದೆ. ಸರ್ಕಾರ ಒಂದು ಕೈಯಲ್ಲಿ ಕೊಟ್ಟಿದ್ದು ಖಾತೆಯಲ್ಲಿ ಒಂದು ರಾತ್ರಿ ಮಲಗಿ ಎದ್ದು ಕಂತಿಗೆ ಹೋಗುತ್ತೆ, ಮೇಲೆ 115 ಕೈಯಿಂದ.

ಈಗ ಆಕೆ ಸಾಲ ತಗೊಂಡಿದ್ದು ಹೊಲಿಗೆಗೆ. ಅರ್ಜಿಯಲ್ಲಿ ಹಾಗೇ ಬರೆದಿದೆ. ದುಡ್ಡಿನಲ್ಲಿ ಒಂದಷ್ಟು ಅತ್ತೆಯ ಆಸ್ಪತ್ರೆ ಬಿಲ್ಲಿಗೆ ಹೋಯ್ತು, ಉಳಿದಿದ್ದರಲ್ಲಿ ಮೋಟರ್ ಮಷೀನು ಬಂತು. ಮೊದಲ ತಿಂಗಳು ಹತ್ತು ಬ್ಲೌಸು ಬರುತ್ತೆ ಅಂದುಕೊಳ್ಳಿ, ನೂಲು, ಲೈನಿಂಗ್, ಕರೆಂಟು ಕಳೆದು ಒಂದಕ್ಕೆ 150 ಉಳಿಯುತ್ತೆ. 1,500 ರೂಪಾಯಿ. ಕೊರತೆ 615. ಗಿರಾಕಿ ಹಿಡಿಯೋಕೆ ಟೈಮ್ ಬೇಕು. ‘ಅಕ್ಕಾ, ಕೊರಳಿನ ಕಟಿಂಗ್ ಸರಿಯಾಗಿಲ್ಲ’ ಅಂತ ವಾಪಸ್ ತಂದವರಿಗೆ ಬಿಚ್ಚಿ ಹೊಲಿಬೇಕು. ಆರನೇ ತಿಂಗಳಿಗೆ ಇಪ್ಪತ್ತು ಬ್ಲೌಸು ಆಗ್ಬಹುದು, 3,000 ಬರ್ಬಹುದು, ಆಗ ಮಷೀನೇ ಕಂತು ಕಟ್ಟುತ್ತೆ. ಮಷೀನು ಆರು ತಿಂಗಳು ಕೇಳುತ್ತೆ. ಕಂತು ಒಂದು ವಾರವೂ ಕಾಯಲ್ಲ. ಆ ನಾಲ್ಕೈದು ತಿಂಗಳ ಕಂದಕ ತುಂಬೋಕೆ ಆಕೆ ಇನ್ನೊಂದು ಸಂಘದಲ್ಲಿ ಕೂರ್ತಾಳೆ. ಸೋಮವಾರ ಒಂದು, ಬುಧವಾರ ಇನ್ನೊಂದು. ಹೊಲಿಗೆಗೆ ಬಂದ ಸಾಲ ಈಗ ಕಂತಿನ ಸಾಲ ಆಯ್ತು.

ಸೋಮಾರಿತನ, ದುಂದುವೆಚ್ಚ, ಮೊಬೈಲ್ ಚಟ ಅಂತೆಲ್ಲ ಪ್ಯಾನೆಲ್‌ನಲ್ಲಿ ಕೂತವರು ಹೇಳ್ತಾರೆ. ಇಲ್ಲಿ ಯಾವುದೂ ಇಲ್ಲ. ಬರೀ ಕ್ಯಾಲೆಂಡರ್ ತಪ್ಪು.

ಇದನ್ನು ನಾನೊಬ್ಬ ಕ್ಯಾಲ್ಕ್ಯುಲೇಟರ್ ಹಿಡ್ಕೊಂಡು ಹೇಳ್ತಿಲ್ಲ. ಕೋಲ್ಕತ್ತಾದಲ್ಲಿ ಒಂದು ಮೈಕ್ರೋಫೈನಾನ್ಸ್ ಸಂಸ್ಥೆಯ ಜೊತೆ ಸೇರಿ ಅರ್ಥಶಾಸ್ತ್ರಜ್ಞರು ಪ್ರಯೋಗವನ್ನೇ ಮಾಡಿದರು. ಸಾಲ ಪಡೆದವರಲ್ಲಿ ಕೆಲವರಿಗೆ ಎಂದಿನಂತೆ ಎರಡೇ ವಾರಕ್ಕೆ ಕಂತು ಶುರು, ಕೆಲವರಿಗೆ ಎರಡು ತಿಂಗಳು ಬಿಡುವು. 2013ರಲ್ಲಿ ಪ್ರಕಟವಾದ ಫಲಿತಾಂಶ ಏನು ಗೊತ್ತಾ? ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ದುಡ್ಡು ಹಾಕಿದ್ದರು, ಮೂರು ವರ್ಷದ ನಂತರ ಅವರ ಲಾಭವೂ ಹೆಚ್ಚಿತ್ತು. ಜೊತೆಗೆ, ಸಾಲ ತೀರಿಸದೇ ಉಳಿದವರೂ ಅದೇ ಗುಂಪಿನಲ್ಲಿ ಹೆಚ್ಚಿದ್ದರು. ಎರಡನ್ನೂ ಹೇಳಬೇಕು. ಬಿಡುವು ಕೊಟ್ಟರೆ ಕೆಲವರು ಬೆಳೀತಾರೆ, ಕೆಲವರು ಮುಳುಗ್ತಾರೆ. ಸಾಲ ಕೊಡೋ ಸಂಸ್ಥೆಗೆ ಎರಡನೆಯದು ಮಾತ್ರ ಲೆಕ್ಕಕ್ಕೆ ಬರುತ್ತೆ, ಅದಕ್ಕೇ ವಾರದ ಕಂತನ್ನು ಬಿಡಲ್ಲ. ಮುಳುಗೋ ಅಪಾಯವನ್ನು ಯಾರಾದ್ರೂ ಹಂಚಿಕೊಂಡರೆ ಬೆಳೆಯೋರಿಗೆ ದಾರಿ ಆಗುತ್ತೆ. ಆ ‘ಯಾರಾದ್ರೂ’ ಯಾರು ಅನ್ನೋದೇ ನೀತಿಯ ಪ್ರಶ್ನೆ.

ಇನ್ನೂ ದೊಡ್ಡ ಪ್ರಯೋಗ ಹೈದರಾಬಾದಿನದು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಜೊತೆಗಾರರು ಮಾಡಿದ್ದು. 104 ಬಡಾವಣೆಗಳಲ್ಲಿ ಅರ್ಧಕ್ಕೆ ಮೈಕ್ರೋಫೈನಾನ್ಸ್ ಶಾಖೆ ಹೋಯ್ತು, ಅರ್ಧಕ್ಕೆ ಸದ್ಯಕ್ಕೆ ಹೋಗಲಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಹೋಲಿಸಿದರು. ಸ್ವಲ್ಪ ಹೊಸ ವ್ಯಾಪಾರಗಳು ಶುರುವಾಗಿದ್ದವು, ಮನೆಗೆ ಬಾಳಿಕೆ ಬರೋ ಸಾಮಾನು ಬಂದಿತ್ತು. ಆದರೆ ಮನೆಯ ಸರಾಸರಿ ಖರ್ಚು, ಮಕ್ಕಳ ಓದು, ಆರೋಗ್ಯ, ಹೆಣ್ಣುಮಕ್ಕಳ ಮಾತಿನ ತೂಕ, ಇದ್ಯಾವುದೂ ಬದಲಾಗಿರಲಿಲ್ಲ. ಮುಹಮ್ಮದ್ ಯೂನುಸ್ ಮತ್ತು ಗ್ರಾಮೀಣ್ ಬ್ಯಾಂಕಿಗೆ 2006ರಲ್ಲಿ ಶಾಂತಿ ನೊಬೆಲ್ ಬಂದಾಗ ಜಗತ್ತು ನಂಬಿದ್ದೇ ಬೇರೆ. ಸಾಲ ಸಿಕ್ಕರೆ ಸಾಕು, ಬಡತನ ಮ್ಯೂಸಿಯಂ ಸೇರುತ್ತೆ ಅಂತ. ಸೇರಲಿಲ್ಲ.

ಆದರೆ ಇದೇ ಹೈದರಾಬಾದಿನ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ, ಅದು ನಮ್ಮ ಚರ್ಚೆಗಳಲ್ಲಿ ಬರೋದೇ ಇಲ್ಲ. ಶಾಖೆ ಬರೋಕೆ ಮೊದಲೇ ಏನೋ ಒಂದು ಸಣ್ಣ ವ್ಯಾಪಾರ ನಡೆಸ್ತಿದ್ದವರಿಗೆ ಸಾಲ ನಿಜಕ್ಕೂ ನೆರವಾಗಿತ್ತು, ವರ್ಷಗಳ ನಂತರವೂ ಅವರ ವ್ಯಾಪಾರ ದೊಡ್ಡದಾಗಿಯೇ ಇತ್ತು. ಸಾಲ ಸಿಗುತ್ತೆ ಅಂತ ಹೊಸದಾಗಿ ಅಂಗಡಿ ಇಟ್ಟವರಿಗೆ ಹಾಗೆ ಆಗಲಿಲ್ಲ. ಅಂದರೆ ಕೈಯಲ್ಲಿ ಕಸುಬು, ಗೊತ್ತಿರೋ ಗಿರಾಕಿ, ಮಾರುಕಟ್ಟೆಯ ಅಂದಾಜು ಇದ್ದವಳಿಗೆ ಸಾಲ ಎಣ್ಣೆ ಇದ್ದ ಹಾಗೆ, ಬಂಡಿ ಸಲೀಸಾಗಿ ಓಡುತ್ತೆ. ಬಂಡಿಯೇ ಇಲ್ಲದವಳ ಕೈಗೆ ಎಣ್ಣೆ ಡಬ್ಬಿ ಕೊಟ್ಟು ಓಡಿಸು ಅಂದರೆ?

ಹಾಗಾದ್ರೆ ಬಂಡಿ ಕಟ್ಟಿಕೊಡೋದು ಯಾರು? ಇಲ್ಲಿ ನಾವು ಕರ್ನಾಟಕದವರು ಸ್ವಲ್ಪ ಎದೆ ಉಬ್ಬಿಸಿ ಮಾತಾಡಬಹುದು. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ರುಡ್‌ಸೆಟ್ ಶುರುವಾಯ್ತು. ನಿರುದ್ಯೋಗಿ ಯುವಕರನ್ನು ಕರೆದು, ಊಟ ವಸತಿ ಕೊಟ್ಟು, ದುಡ್ಡು ಕೇಳದೆ ಕಸುಬು ಕಲಿಸೋದು. ಕಲಿಸಿ ಕೈ ತೊಳ್ಕೊಳ್ಳೋದಲ್ಲ, ಬ್ಯಾಂಕ್ ಸಾಲಕ್ಕೆ ಜೋಡಿಸಿ, ಎರಡು ವರ್ಷ ಬೆನ್ನು ಹತ್ತಿ ವಿಚಾರಿಸೋದು. ‘ಅಂಗಡಿ ಇಟ್ಟೆಯಾ? ಗಿರಾಕಿ ಬಂದ್ರಾ? ಎಲ್ಲಿ ನಿಂತು ಹೋಯ್ತು?’ ಈ ಮಾದರಿ ಎಷ್ಟು ಚೆನ್ನಾಗಿತ್ತು ಅಂದರೆ ಕೇಂದ್ರ ಸರ್ಕಾರ 2009ರಲ್ಲಿ ಅದನ್ನೇ ದೇಶಕ್ಕೆಲ್ಲ ತಗೊಂಡಿತು. ಜಿಲ್ಲೆಗೊಂದು ಆರ್‌ಸೆಟಿ, ಒಂದೊಂದನ್ನೂ ಒಂದೊಂದು ಬ್ಯಾಂಕ್ ನಡೆಸಬೇಕು.

ನಡೆಸ್ತಿದ್ದಾವೆ. ಆದರೆ ನಮ್ಮ ಪೀರನವಾಡಿ ಅಕ್ಕನಿಗೆ ಏನಾಗುತ್ತೆ ನೋಡಿ. ಆಗ್ಲೇ ಹೇಳಿದೆನಲ್ಲ, ಆ ಊರು ಈಗ ಪಟ್ಟಣ ಪಂಚಾಯಿತಿ ಅಂತ. ಆರ್‌ಸೆಟಿಯ ಮೊದಲ ಅಕ್ಷರವೇ ‘ಗ್ರಾಮೀಣ’. ಸಂಜೀವಿನಿ ಒಕ್ಕೂಟಗಳು ಗ್ರಾಮ ಪಂಚಾಯಿತಿ ಲೆಕ್ಕದವು. ಉದ್ಯೋಗ ಖಾತ್ರಿ ಕೆಲಸ ಪಟ್ಟಣಕ್ಕಿಲ್ಲ. ನಗರದ ಯೋಜನೆಗಳ ಕಣ್ಣು ಬೆಳಗಾವಿ ಮಹಾನಗರದ ಮೇಲೆ. ಹಳ್ಳಿಯವರ ಪಾಲಿಗೆ ಇದು ಪಟ್ಟಣ, ಪಟ್ಟಣದವರ ಪಾಲಿಗೆ ಹಳ್ಳಿ. ಯಾವ ವಾರ್ಡು, ಯಾವ ವರ್ಗ ಅಂತ ಕೇಳದೆ ಇಲ್ಲಿಗೆ ಬರೋದು ಒಂದೇ, ಬೈಕ್ ಮೇಲೆ ಬ್ಯಾಗ್ ಹಾಕ್ಕೊಂಡು ಬರೋ ಕಂತಿನ ಹುಡುಗ. ಅವನನ್ನು ಬೈಯೋಕೆ ಹೋಗ್ಬೇಡಿ. ಬಹಳ ಸಲ ಅವನೂ ಇಂಥದ್ದೇ ಮನೆಯ ಮಗ, ಅವನಿಗೂ ಟಾರ್ಗೆಟ್ ಇರುತ್ತೆ.

ಪೀರನವಾಡಿಯಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಖಾನಾಪುರ. ಅಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇದೆ. ಎಷ್ಟು ಜನಕ್ಕೆ ಗೊತ್ತು? ಖಾನಾಪುರದ ಮಣ್ಣು ಹೆಸರುವಾಸಿ, ಅಲ್ಲಿನ ಹಂಚು, ಮಡಿಕೆ, ಟೆರಾಕೋಟಾ ಹೆಸರುವಾಸಿ. ದೇಶದ ಬೇರೆ ಕಡೆಯ ಕುಂಬಾರರು ಇಲ್ಲಿಗೆ ಬಂದು ಕಲಿತು ಹೋಗಿದ್ದಾರೆ. ಕೈಯಿಂದ ತಿರುಗಿಸೋ ತಿಗರಿಯ ಜಾಗಕ್ಕೆ ಈಗ ಕರೆಂಟಿನ ತಿಗರಿ ಬಂದಿದೆ, ಕುಂಬಾರ ಸಶಕ್ತೀಕರಣ ಅನ್ನೋ ಯೋಜನೆಯಲ್ಲಿ ಆಯೋಗವೇ ಹಂಚುತ್ತೆ. ಭುಜ ನೋವು ಕಡಿಮೆ, ದಿನಕ್ಕೆ ಹೆಚ್ಚು ಮಡಿಕೆ.

ಇಲ್ಲಿಗೆ ಟ್ರೇನಿಂಗ್ ಮುಗೀತು, ತಿಗರಿ ಬಂತು, ಸಾಲವನ್ನೂ ಕೊಡೋಣ. ಈಗ ಜೂನ್ ತಿಂಗಳು ಬರುತ್ತೆ. ಖಾನಾಪುರದ ಮಳೆ ನಿಮಗೆ ಗೊತ್ತಲ್ಲ, ಕಣಕುಂಬಿ ಕಡೆ ಆಕಾಶ ತಿಂಗಳುಗಟ್ಟಲೆ ಮುಚ್ಚಿದ ಬಾಗಿಲು ತೆಗೆಯಲ್ಲ. ಹಸಿ ಮಡಿಕೆ ಒಣಗಲ್ಲ, ಒಣಗದ ಮಡಿಕೆಯನ್ನು ಆವಿಗೆಗೆ ಇಟ್ಟರೆ ಸೀಳುತ್ತೆ, ಸೌದೆಯೂ ಹಸಿ. ಕುಂಬಾರನ ವರ್ಷ ಎಂಟು ತಿಂಗಳದು. ಕಂತಿನ ವರ್ಷ ಹನ್ನೆರಡು ತಿಂಗಳದು. ಮಾರ್ಚ್, ಏಪ್ರಿಲ್‌ನಲ್ಲಿ ನೀರಿನ ಮಡಿಕೆ ಮಾರಿದಾಗ ಹೆಚ್ಚು ಕಟ್ಟಿ, ಮಳೆಗಾಲದಲ್ಲಿ ಕಡಿಮೆ ಕಟ್ಟೋ ಹಾಗೆ ಸಾಲ ರೂಪಿಸೋಕೆ ಯಾವ ರಾಕೆಟ್ ವಿಜ್ಞಾನ ಬೇಕು? ಬ್ಯಾಂಕುಗಳು ಬೆಳೆಸಾಲಕ್ಕೆ ಇದನ್ನೇ ಮಾಡ್ತಾವಲ್ಲ, ಸುಗ್ಗಿ ನೋಡಿ ಗಡುವು ಇಡ್ತಾವಲ್ಲ. ಭೂಮಿ ಇದ್ದವನಿಗೆ ಋತು ಇದೆ, ಇಲ್ಲದವಳಿಗೆ ಮಾತ್ರ ಸೋಮವಾರ ಇದೆ.

ನಮಗೆ ಹೊರಗಿನ ಪಾಠವೇ ಬೇಕಿಲ್ಲ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ದೇಶಕ್ಕೆ ಮೇಲ್ಪಂಕ್ತಿ. ಊರಿನವರ ಸಂಘ, ಊರಿನವರಿಗೇ ಸಾಲ. ಯಾರ ಹೊಲದಲ್ಲಿ ಏನು ಬೆಳೆದಿದೆ ಅನ್ನೋದು ಸಾಲ ಕೊಡೋರಿಗೂ ಗೊತ್ತು. ಬೆಳಗಾವಿ ಹೆಣ್ಣುಮಕ್ಕಳ ಭಿಶಿ ನೋಡಿ, ಹತ್ತು ಜನ ತಿಂಗಳಿಗಿಷ್ಟು ಹಾಕಿ ಸರದಿ ಮೇಲೆ ಎತ್ಕೊಳ್ಳೋದು. ಯಾರ ಮನೆಯಲ್ಲಿ ಮದುವೆ ಇದೆಯೋ ಅವರಿಗೆ ಸರದಿ ಬಿಟ್ಟುಕೊಡ್ತಾರೆ. ಕಂಪ್ಯೂಟರ್ ಇಲ್ಲ, ಸಿಬಿಲ್ ಇಲ್ಲ.

1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ನೋಡಿದ್ದೂ ಇದನ್ನೇ. ದೊಡ್ಡ ಸಹಕಾರ ಸಂಘಗಳು ಒಡೆದಾಗ ಒಬ್ಬರನ್ನೊಬ್ಬರು ನಂಬೋ ಹದಿನೈದು ಇಪ್ಪತ್ತು ಜನ ಸೇರಿ ಸಣ್ಣ ಗುಂಪಾದರು. 1987ರಲ್ಲಿ ನಬಾರ್ಡ್ ಅದಕ್ಕೆ ಅನುದಾನ ಕೊಟ್ಟಿತು, 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರುವಾಯ್ತು. ನಮ್ಮ ಸ್ತ್ರೀಶಕ್ತಿ ಸಂಘಗಳು 2000ದ ನಂತರ ಬಂದವು. ಇವೆಲ್ಲದರ ನಿಯಮ ಒಂದೇ: ಮೊದಲು ಉಳಿತಾಯ, ತಿಂಗಳುಗಟ್ಟಲೆ ಉಳಿತಾಯ, ಸಭೆ, ಪುಸ್ತಕ ಬರೆಯೋದು. ಆಮೇಲೆ ಸಾಲ. ಆ ಆರು ತಿಂಗಳೇ ದೊಡ್ಡ ಟ್ರೇನಿಂಗ್. ಈಗ ಖಾಸಗಿ ಕಂಪನಿಗಳ ಗುಂಪು ಹೆಸರಿಗಷ್ಟೇ ಸಂಘ. ಐದು ಜನರ ಆಧಾರ್ ಕಾರ್ಡ್, ಒಬ್ಬರಿಗೊಬ್ಬರು ಜಾಮೀನು, ವಾರದೊಳಗೆ ಖಾತೆಗೆ ದುಡ್ಡು. ಸಂಘ ಅನ್ನೋ ಪದ ಉಳೀತು, ಉಳಿತಾಯ ಹೋಯ್ತು. ಜನ ಎರಡನ್ನೂ ‘ಸಂಘದ ಸಾಲ’ ಅಂತಲೇ ಕರೀತಾರೆ, ಗೊಂದಲ ಆಗೋದು ಇಲ್ಲೇ.

ಈ ಗೊಂದಲದಲ್ಲೇ ಬೆಳಗಾವಿ ಜಿಲ್ಲೆಯಲ್ಲಿ ಮಹಿಳೆಯರು ಮೋಸ ಹೋದರು. ‘ನಿನ್ನ ಹೆಸರಲ್ಲಿ ಸಾಲ ತೆಗಿ, ಅರ್ಧ ಸಬ್ಸಿಡಿ, ಕಂತು ನಾವು ತುಂಬ್ತೀವಿ’ ಅಂತ ಮಧ್ಯವರ್ತಿ ಹೇಳೋದು, ದುಡ್ಡು ಅವರ ಕೈಗೆ, ಸಹಿ ಇವಳದ್ದು. ಜಿಲ್ಲಾಡಳಿತದ ಕಚೇರಿ ಮುಂದೆ ನಿಂತು ಅವರು ಅತ್ತಿದ್ದನ್ನು ನೀವು ನೋಡಿದ್ದೀರಿ. ಮೈಕ್ರೋಫೈನಾನ್ಸ್‌ನಲ್ಲಿ ಸಬ್ಸಿಡಿ ಅನ್ನೋದು ಇಲ್ಲ. ಯಾರಾದ್ರೂ ಆ ಪದ ಬಳಸಿದರೆ ಮಾತು ಅಲ್ಲಿಗೇ ನಿಲ್ಲಿಸಿ.

ಹಾಗಂತ ಸಾಲವೇ ಬೇಡ, ಎಲ್ಲ ಕಂಪನಿಗಳನ್ನೂ ಓಡಿಸಿ ಅನ್ನೋ ಕೂಗಿಗೂ ನಾನು ಸೇರಲ್ಲ. 2010ರ ಅಕ್ಟೋಬರ್‌ನಲ್ಲಿ ಆಂಧ್ರದಲ್ಲಿ ಸುಗ್ರೀವಾಜ್ಞೆ ಬಂತು, ಮರುಪಾವತಿ ನಿಂತಿತು, ಸಾಲವೂ ನಿಂತಿತು. ಅಷ್ಟೇ ಅಲ್ಲ, ಆಂಧ್ರದಲ್ಲಿ ದುಡ್ಡು ಸಿಕ್ಕಿಹಾಕಿಕೊಂಡ ಕಂಪನಿಗಳು ಬೇರೆ ರಾಜ್ಯಗಳಲ್ಲೂ ಸಾಲ ಕಡಿತ ಮಾಡಿದವು, ಅಲ್ಲಿ ಕೂಲಿಯೇ ಇಳೀತು ಅಂತ ಆಮೇಲಿನ ಅಧ್ಯಯನ ತೋರಿಸಿತು. ಸಾಲ ನಿಂತ ಊರಲ್ಲಿ ಆಸ್ಪತ್ರೆ ಬಿಲ್ಲು ನಿಲ್ಲಲ್ಲ. ಅದು ಮೀಟರ್ ಬಡ್ಡಿಯವನ ಹತ್ತಿರ ಹೋಗುತ್ತೆ, ಅವನಿಗೆ ಯಾವ ರಿಸರ್ವ್ ಬ್ಯಾಂಕೂ ಇಲ್ಲ.

ರಿಸರ್ವ್ ಬ್ಯಾಂಕ್ ಅಂದೆ. 2022ರ ಏಪ್ರಿಲ್‌ನಿಂದ ಅದರ ನಿಯಮ ಹೀಗಿದೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರೋ ಮನೆಗೆ ಅಡಮಾನ ಇಲ್ಲದೆ ಕೊಡೋದು ಮೈಕ್ರೋಫೈನಾನ್ಸ್ ಸಾಲ. ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಕೇಳೋಕೆ ಚೆನ್ನಾಗಿದೆ. 15,000 ದುಡಿಯೋ ಮನೆಗೆ ಹಾಕಿ ನೋಡಿ, 7,500ರವರೆಗೆ ಕಂತು ಕಾನೂನುಬದ್ಧ. ಉಳಿದ 7,500ರಲ್ಲಿ ಬಾಡಿಗೆ, ಅಕ್ಕಿ ಬೇಳೆ, ಗ್ಯಾಸು, ಶಾಲೆ, ಬಸ್ಸು. ಸಂಬಳದ ಅರ್ಧ ಇಎಂಐ ಕಟ್ಟೋ ಸಾಫ್ಟ್‌ವೇರ್ ಎಂಜಿನಿಯರ್ ಕೂಡ ತಿಂಗಳ ಕೊನೆಗೆ ಒದ್ದಾಡ್ತಾನೆ, ಆದರೆ ಅವನ ಉಳಿದ ಅರ್ಧ ಬೇರೆ, ಇವಳ ಉಳಿದ ಅರ್ಧ ಬೇರೆ. ಬಡವರಿಗೆ ಅರ್ಧ ಅನ್ನೋದು ಬಹಳ ಜಾಸ್ತಿ. ಬಡ್ಡಿಗೆ ಇದ್ದ ಮಿತಿಯನ್ನೂ ಅದೇ ನಿಯಮ ತೆಗೆದು, ದರ ವಿಪರೀತ ಇರಬಾರದು ಅಂತಷ್ಟೇ ಹೇಳಿತು. ನನಗೆ ಇದು ಸರಿ ಕಾಣಲ್ಲ. ಮತ್ತೆ ರಾಜ್ಯದ 2025ರ ಸುಗ್ರೀವಾಜ್ಞೆಯಲ್ಲಿ ನೋಂದಣಿ ಇಲ್ಲದ ಲೇವಾದೇವಿಗಾರರ ಸಾಲ ಮನ್ನಾ ಅಂತಿತ್ತು, ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದ ಕಂಪನಿಗಳ ಸಾಲಕ್ಕೆ ಅದು ಅನ್ವಯಿಸಲ್ಲ. ‘ಸಾಲ ಎಲ್ಲ ಮನ್ನಾ ಆಯ್ತಂತೆ’ ಅಂತ ವಾಟ್ಸಾಪ್‌ನಲ್ಲಿ ಬಂದಿದ್ದನ್ನು ನಂಬಿ ಕಂತು ನಿಲ್ಲಿಸಬೇಡಿ.

ಹಾಗಾದ್ರೆ ಅತ್ಯಂತ ಬಡವರಿಗೆ, ಕಸುಬೂ ಇಲ್ಲ, ಉಳಿತಾಯವೂ ಇಲ್ಲ ಅನ್ನೋರಿಗೆ ಏನು ಮಾಡೋದು? ಅದಕ್ಕೂ ಉತ್ತರ ಸಿಕ್ಕಿದೆ, ಬಾಂಗ್ಲಾದೇಶದಿಂದಲೇ. ಬ್ರ್ಯಾಕ್ ಅನ್ನೋ ಸಂಸ್ಥೆ 2002ರಲ್ಲಿ ಕಡುಬಡವರಿಗೆ ಸಾಲ ಕೊಡೋದನ್ನೇ ಬಿಟ್ಟು ಬೇರೆ ದಾರಿ ಹಿಡೀತು. ಒಂದು ಆಕಳೋ ನಾಲ್ಕು ಮೇಕೆಯೋ, ಸಾಲವಾಗಿ ಅಲ್ಲ, ಪೂರ್ತಿ ಅವಳದೇ. ಅದನ್ನು ಸಾಕೋಕೆ ತರಬೇತಿ. ಹಸಿವಾಗಿ ಮೇಕೆ ಮಾರಿಕೊಳ್ಳಬಾರದು ಅಂತ ಕೆಲವು ತಿಂಗಳು ಊಟದ ಖರ್ಚು. ಉಳಿತಾಯದ ಖಾತೆ. ಮತ್ತೆ ಮೇಲಿಂದ ಮೇಲೆ ಒಬ್ಬರು ಬಂದು ಮಾತಾಡಿಸಿ ಹೋಗೋದು. ಇದೇ ಮಾದರಿಯನ್ನು ಭಾರತವೂ ಸೇರಿ ಆರು ದೇಶಗಳಲ್ಲಿ ಸುಮಾರು 10,500 ಕುಟುಂಬಗಳ ಮೇಲೆ ಪರೀಕ್ಷಿಸಿದ ವರದಿ 2015ರಲ್ಲಿ ಬಂತು. ಪಶ್ಚಿಮ ಬಂಗಾಳದಲ್ಲಿ ಇದನ್ನು ನಡೆಸಿದ್ದು ಬಂಧನ್. ಯೋಜನೆ ಮುಗಿದು ಒಂದು ವರ್ಷದ ಮೇಲೂ ಆ ಮನೆಗಳ ಊಟ, ಆದಾಯ, ಆಸ್ತಿ ಮೇಲೇ ಇತ್ತು. ಬಂಗಾಳದಲ್ಲಿ ಹತ್ತು ವರ್ಷ ಕಳೆದ ಮೇಲೂ ಇತ್ತು. ಸಾಲದ ಅಧ್ಯಯನಗಳಲ್ಲಿ ಕಾಣದ್ದು ಇಲ್ಲಿ ಕಂಡಿತು. ದುಬಾರಿ ಯೋಜನೆ ನಿಜ, ಆದರೆ ಒಂದು ಸಲ ಮಾಡೋ ಖರ್ಚು.

ನನಗೆ ಇದರಲ್ಲಿ ಹಿಡಿಸಿದ್ದು ಆ ಮನೆಗೆ ಬರೋ ಭೇಟಿ. ನಮ್ಮ ಕಂತಿನ ಹುಡುಗನೂ ತಪ್ಪದೇ ಬರ್ತಾನೆ. ಬರೋ ಮನುಷ್ಯ ಇದ್ದಾನೆ, ಬೈಕ್ ಇದೆ, ದಾರಿ ಗೊತ್ತಿದೆ, ಪ್ರತಿ ಮನೆಯ ಹೆಸರೂ ಗೊತ್ತಿದೆ. ಅವನು ಕೇಳೋ ಪ್ರಶ್ನೆ ಒಂದೇ, ‘ಅಕ್ಕಾರ, ದುಡ್ಡು ತಯಾರ್ ಐತ್ರಿ?’ ಅದೇ ಭೇಟಿಯಲ್ಲಿ ‘ಈ ವಾರ ಎಷ್ಟು ಬ್ಲೌಸ್ ಬಂದ್ವು?’ ಅಂತಲೂ ಕೇಳೋ ವ್ಯವಸ್ಥೆ ಇದ್ದಿದ್ದರೆ? ಎರಡು ವಾರ ಕಂತು ತಡವಾದಾಗ ಆ ಉತ್ತರವೇ ಕಾರಣ ಹೇಳ್ತಿತ್ತು. ಕಂಪನಿಗಳು ಇದನ್ನು ತಾವಾಗಿ ಮಾಡಲ್ಲ. ಜಿಲ್ಲೆಯ ಲೀಡ್ ಬ್ಯಾಂಕು, ಆರ್‌ಸೆಟಿ, ಪಟ್ಟಣ ಪಂಚಾಯಿತಿ, ಈ ಮೂವರನ್ನು ಒಂದು ಟೇಬಲ್ಲಿಗೆ ಕೂರಿಸೋದು ಜಿಲ್ಲಾಧಿಕಾರಿಗಳಿಗೆ ಕಷ್ಟವೇನಲ್ಲ. ಹೊಲಿಗೆಗೆ ಅಂತ ಸಾಲ ಕೇಳಿದವಳನ್ನು ಮೊದಲು ಹೊಲಿಗೆ ತರಬೇತಿಗೆ ಕಳಿಸಿ. ಮುಗಿಸಿ ಬಂದವಳಿಗೆ ಸಾಲ ಕೊಡಿ, ಮೂರು ತಿಂಗಳು ಬಡ್ಡಿ ಮಾತ್ರ ತಗೊಳ್ಳಿ. ನಮ್ಮ ಲೆಕ್ಕದ 40,000ಕ್ಕೆ ಅದು ತಿಂಗಳಿಗೆ 800 ರೂಪಾಯಿ ಆಗುತ್ತೆ, ಹತ್ತು ಬ್ಲೌಸಿನ 1,500ರಲ್ಲಿ ಕಟ್ಟಿ ಮನೆಗೂ ಉಳಿಯುತ್ತೆ. ಆಸ್ಪತ್ರೆಗೆ ಅಂತ ಕೇಳಿದವಳಿಗೆ ಹೊಲಿಗೆ ಅಂತ ಬರೆಸಬೇಡಿ. ಅದು ಬೇರೆ ಸಾಲ, ಅದಕ್ಕೆ ಆಯುಷ್ಮಾನ್ ಕಾರ್ಡ್ ಇದೆಯಾ ಅಂತ ಮೊದಲು ನೋಡಿ.

ಕೊನೆಗೆ ಭಾಷೆಯ ವಿಚಾರಕ್ಕೇ ಬರ್ತೀನಿ, ಆ ಫೆಬ್ರುವರಿಯಲ್ಲಿ ಎಲ್ಲರೂ ಅದನ್ನೇ ಮಾತಾಡ್ತಿದ್ದರಲ್ಲ. ಸಾಲದ ಕಾರ್ಡ್ ಸಾಲಗಾರರಿಗೆ ಅರ್ಥವಾಗೋ ಭಾಷೆಯಲ್ಲಿ ಇರಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. ಕನ್ನಡ ಬಂದರೆ ಕನ್ನಡದಲ್ಲಿ, ಮರಾಠಿ ಮಾತ್ರ ಓದೋಕೆ ಬಂದರೆ ಮರಾಠಿಯಲ್ಲಿ, ಉರ್ದು ಆದರೆ ಉರ್ದುವಿನಲ್ಲಿ. ಭಾಷೆಗಾಗಿ ಬಸ್ಸು ನಿಲ್ಲಿಸೋ ಸಂಘಟನೆಗಳು, ಎರಡೂ ಕಡೆಯವು, ಈ ಕಾರ್ಡಿನ ಭಾಷೆ ಬಗ್ಗೆ ಒಂದು ಮನವಿ ಕೊಟ್ಟಿದ್ದನ್ನು ನಾನಂತೂ ವರದಿ ಮಾಡಿಲ್ಲ.

ಈಗ ಮನೆಯಲ್ಲಿ ಸಾಲದ ಕಾರ್ಡ್ ಇರೋರು ಎದ್ದು ತಗೊಂಡು ಬನ್ನಿ, ಜಾಹೀರಾತು ಬರ್ತಿರೋವಾಗ ನೋಡಬಹುದು. ಬಡ್ಡಿ ದರದ ಪಕ್ಕ ಏನು ಬರೆದಿದೆ? ಫ್ಲ್ಯಾಟಾ, ಉಳಿದ ಅಸಲಿನ ಮೇಲಾ? ಅಸಲು ಎಷ್ಟು ಉಳಿದಿದೆ? ನಿಮಗೆ ಓದೋಕೆ ಬರೋ ಭಾಷೆಯಲ್ಲಿದೆಯಾ? ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡೋ ಹಾಗಿಲ್ಲ. ಗೊತ್ತುಮಾಡಿದ ಜಾಗಕ್ಕೆ ಸತತ ಎರಡು ಸಲ ನೀವು ಹೋಗದೇ ಇದ್ದಾಗ ಮಾತ್ರ ಅವರು ಮನೆಗೆ ಬರಬಹುದು. ಸಾಲ ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕೋ ಹಾಗಿಲ್ಲ. ಹಾಕಿದ್ದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ, ನಕಲು ಇಟ್ಕೊಳ್ಳಿ. ಅವರಿಂದ 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448. ಗೋಡೆ ಮೇಲೆ ಕ್ಯಾಲೆಂಡರ್ ಇದ್ದರೆ ಅದರ ಅಂಚಿಗೇ ಬರ್ಕೊಳ್ಳಿ.